ಕೇರಳದ ಕಾಡುಗಳು: ನೋಡಲು ಹೊರಡುವ ಮೊದಲು

ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮದ ಮಕ್ಕಳಲ್ಲಿ ಒಂದು ಕಾಡಿನ ಹೆಸರು ಹೇಳಿ ಎಂದರೆ ಬಂಡೀಪುರ, ನಾಗರಹೊಳೆ, ಆಗುಂಬೆ ಎನ್ನುತ್ತಾರೆ. ಕೇರಳದ್ದು ಹೇಳಿ ಎಂದರೆ ರಸಪ್ರಶ್ನೆಗಾಗಿ ಬಾಯಿಪಾಠ ಮಾಡಿದ ಸಾಲು ಬರುತ್ತದೆ: ತೇಕ್ಕಡಿ, ಇರವಿಕುಳಂ, ಸೈಲೆಂಟ್ ವ್ಯಾಲಿ, ಮುತ್ತಂಗ. ಯಾವ ಇಸವಿ, ಎಷ್ಟು ಚದರ ಕಿಲೋಮೀಟರು ಎಂಬುದನ್ನೂ ತಪ್ಪದೆ ಹೇಳುತ್ತಾರೆ. ಆದರೆ ಆ ಕಾಡು ಅಲ್ಲೇ ಏಕೆ ಉಳಿಯಿತು, ಅದರ ಪಕ್ಕದ್ದು ಏಕೆ ಉಳಿಯಲಿಲ್ಲ ಎಂಬ ಪ್ರಶ್ನೆಗೆ ಪಠ್ಯಪುಸ್ತಕದಲ್ಲಿ ಉತ್ತರವಿಲ್ಲ.

1956ರ ನವೆಂಬರ್ 1ರಂದು ನಮ್ಮನ್ನು ದಕ್ಷಿಣ ಕನ್ನಡದಿಂದ ಬೇರ್ಪಡಿಸಿ ಕೇರಳಕ್ಕೆ ಸೇರಿಸಿದರು. ಅದರ ವಿರುದ್ಧ ನಮ್ಮ ಹಿರಿಯರು ಮಾಡಿದ ಹೋರಾಟ ಓದುಗರಿಗೆ ಗೊತ್ತಿದ್ದದ್ದೇ. ಅದು ಇರಲಿ. ಭಾಷೆಯ ಪ್ರಶ್ನೆ ಏನೇ ಇದ್ದರೂ ಈ ರಾಜ್ಯದ ಕಾಡು, ಹೊಳೆ, ಗುಡ್ಡಗಳಲ್ಲಿ ನಮಗೂ ಪಾಲಿದೆ. ಪ್ರವಾಸ ಹೋಗುವವರು ಹೇಗೂ ಹೋಗುತ್ತೀರಿ. ಹೋಗುವ ಮೊದಲು ಅಲ್ಲಲ್ಲಿನ ಕಥೆಯೂ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇವೆ.

ಮೊದಲು ಒಂದು ಮಾತು. ಈಗಿನ ಕೇರಳದ ಕಾಡುಗಳು ಹಿಂದೆ ಒಂದೇ ಆಡಳಿತದಲ್ಲಿ ಇರಲಿಲ್ಲ. ತೆಂಕಣ ಭಾಗ ತಿರುವಾಂಕೂರು ಅರಸರದ್ದು, ನಡುವಣದ್ದು ಕೊಚ್ಚಿ ಅರಸರದ್ದು, ಬಡಗಣ ಮಲಬಾರು ಮದ್ರಾಸ್ ಪ್ರಾಂತ್ಯದ ಬ್ರಿಟಿಷರದ್ದು. ನಮ್ಮ ಕಾಸರಗೋಡೂ ಮದ್ರಾಸಿನದ್ದೇ, ಆದರೆ ಮಂಗಳೂರಿನ ಕಲೆಕ್ಟರರ ಕೈಕೆಳಗೆ. ಮೂರೂ ಕಡೆಯವರು ಕಾಡನ್ನು ಮೊದಲು ನೋಡಿದ್ದು ಆದಾಯದ ಕಣ್ಣಿನಿಂದಲೇ. ಕಾಡು ಕಾಯಬೇಕೆಂಬ ಯೋಚನೆ ಬಂದದ್ದು ಎಷ್ಟೋ ಕಾಲದ ಬಳಿಕ.

ನಿಲಂಬೂರು: ಹಡಗಿಗಾಗಿ ಬೆಳೆಸಿದ ಕಾಡು

ಮಲಪ್ಪುರಂ ಜಿಲ್ಲೆಯ ನಿಲಂಬೂರಿನಲ್ಲಿ ಚಾಲಿಯಾರ್ ಹೊಳೆಯ ದಂಡೆಯಲ್ಲಿ ಕನೋಲಿ ಪ್ಲಾಟ್ ಎಂಬ ತೇಗದ ತೋಪು ಇದೆ. ಜಗತ್ತಿನಲ್ಲೇ ಅತಿ ಹಳೆಯ ತೇಗದ ನೆಡುತೋಪು ಇದು. ಅದರ ಹಿಂದಿರುವುದು ಹಡಗಿನ ಕಥೆ.

1792ರಲ್ಲಿ ಮಲಬಾರು ಟಿಪ್ಪು ಸುಲ್ತಾನನ ಕೈಯಿಂದ ಈಸ್ಟ್ ಇಂಡಿಯಾ ಕಂಪೆನಿಗೆ ಹೋಯಿತು. ಸ್ವಲ್ಪದರಲ್ಲೇ ಇಂಗ್ಲೆಂಡಿಗೂ ನೆಪೋಲಿಯನ್ನನಿಗೂ ಯುದ್ಧ. ಅಲ್ಲಿ ಹಡಗು ಕಟ್ಟುವ ಓಕ್ ಮರಕ್ಕೆ ಬರ ಬಂದಿತ್ತು. ಕಣ್ಣು ಮಲಬಾರಿನ ತೇಗದ ಮೇಲೆ ಬಿತ್ತು. 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬವನನ್ನು ಕಾಡಿನ ಕನ್ಸರ್ವೇಟರ್ ಆಗಿ ನೇಮಿಸಿದರು. ಕನ್ಸರ್ವೇಟರ್ ಎಂದರೆ ಕಾಯುವವನು ಎಂದರ್ಥ. ಆದರೆ ಅವನ ಕೆಲಸ ನೌಕಾಪಡೆಗೆ ಮರ ಒದಗಿಸುವುದಾಗಿತ್ತು! ಊರವರು ತಮ್ಮ ಮರ ಕಡಿಯುವುದಕ್ಕೂ ಅಪ್ಪಣೆ ಬೇಕಾಯಿತು. ಅಸಮಾಧಾನ ಹೆಚ್ಚಾಗಿ 1823ರಲ್ಲಿ ಮದ್ರಾಸ್ ಗವರ್ನರ್ ಥಾಮಸ್ ಮನ್ರೋ ಆ ಏಕಸ್ವಾಮ್ಯವನ್ನು ತೆಗೆದುಹಾಕಿದ. ಬೊಂಬಾಯಿಯ ಹಡಗುಕಟ್ಟೆಯಲ್ಲಿ ಮಲಬಾರಿನ ತೇಗದಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ 'ಟ್ರಿಂಕೋಮಲಿ' ಎಂಬ ಯುದ್ಧ ಹಡಗು ಈಗಲೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ನೀರಿನ ಮೇಲಿದೆ. ಇನ್ನೂರು ವರ್ಷ ದಾಟಿದರೂ ಕೊಳೆಯದ ಮರ! ಆ ಮರ ಹುಟ್ಟಿದ ಕಾಡು ಮಾತ್ರ ಬೋಳಾಯಿತು.

ಕಡಿದು ಮುಗಿದ ಬಳಿಕ ನೆಡುವ ಯೋಚನೆ ಬಂತು. ಮಲಬಾರಿನ ಕಲೆಕ್ಟರ್ ಎಚ್. ವಿ. ಕನೋಲಿ 1840ರ ದಶಕದಲ್ಲಿ ಆ ಕೆಲಸಕ್ಕೆ ಕೈಹಾಕಿದ. ತೇಗದ ಬೀಜ ಸುಲಭದಲ್ಲಿ ಮೊಳೆಯುವುದಿಲ್ಲ. ಹಲವು ಪ್ರಯತ್ನಗಳು ಸೋತವು. ಕೊನೆಗೆ ಅದನ್ನು ಸಾಧಿಸಿ, ಇಪ್ಪತ್ತು ವರ್ಷ ಬಿಡದೆ ಸಸಿ ನೆಡಿಸಿದವರು ಚಾತು ಮೇನೋನ್ ಎಂಬ ಈ ನಾಡಿನ ಅಧಿಕಾರಿ. ಹೆಸರು ಕಲೆಕ್ಟರನದ್ದು, ದುಡಿಮೆ ಮೇನೋನರದ್ದು ಮತ್ತು ಹೆಸರಿಲ್ಲದ ಸಾವಿರಾರು ಕೂಲಿಗಳದ್ದು. ಆ ಮೊದಲ ತೋಪಿನಲ್ಲಿ ಈಗ ಉಳಿಸಿಕೊಂಡಿರುವುದು ಎರಡೂಕಾಲು ಹೆಕ್ಟೇರಿನಷ್ಟು ಮಾತ್ರ. 1995ರಲ್ಲಿ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರು ಹತ್ತಿರದಲ್ಲೇ ತೇಗದ ಮ್ಯೂಸಿಯಂ ಮಾಡಿದ್ದಾರೆ. ಮಕ್ಕಳಿಗೆ ಅಲ್ಲಿ ಒಂದು ವಿಷಯ ತೋರಿಸಿ ಹೇಳಬೇಕು. ಸಾಲಾಗಿ ನಿಂತ ಒಂದೇ ಜಾತಿಯ ಮರ ತೋಪು, ಕಾಡಲ್ಲ. ಎರಡಕ್ಕೂ ವ್ಯತ್ಯಾಸ ಗೊತ್ತಾಗಲು ನಿಲಂಬೂರಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಪರಂಬಿಕುಳಂ: ರೈಲು ಹತ್ತಿ ಹೋದ ಕಾಡು

ಕೊಚ್ಚಿ ಅರಸರಿಗೂ ತೇಗದ ಕಾಡಿತ್ತು. ಆದರೆ ಅದು ಪರಂಬಿಕುಳಂನ ಬೆಟ್ಟಗಳ ನಡುವೆ. ಮರವನ್ನು ಕೆಳಗೆ ತರುವುದು ಹೇಗೆ? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿಂದ ಚಾಲಕುಡಿಗೆ ಸುಮಾರು 80 ಕಿಲೋಮೀಟರು ಉದ್ದದ ಟ್ರಾಮ್ ಹಳಿ ಹಾಕಿದರು. ಕಡಿದಾದ ಇಳಿಜಾರಿನಲ್ಲಿ ಮರ ತುಂಬಿದ ಬಂಡಿ ಕೆಳಗಿಳಿಯುವಾಗ ಅದರ ಭಾರಕ್ಕೇ ಖಾಲಿ ಬಂಡಿ ಮೇಲೇರುವ ಏರ್ಪಾಡು. ನಮ್ಮ ಬಾವಿಯ ರಾಟೆಯ ಹಾಗೆ ಎನ್ನಿ. 1963ರಲ್ಲಿ ಆ ಟ್ರಾಮ್ ನಿಂತಿತು. ಅಷ್ಟರಲ್ಲಿ ಕಾಡಿನ ದೊಡ್ಡ ಮರಗಳೆಲ್ಲ ಹಳಿ ಹತ್ತಿ ಹೋಗಿಯಾಗಿತ್ತು.

ಹೋಗದೆ ಉಳಿದದ್ದು ಕನ್ನಿಮರ ಎಂಬ ಒಂದು ತೇಗ. ಬುಡದ ಸುತ್ತಳತೆ ಆರೂವರೆ ಮೀಟರಿಗೂ ಹೆಚ್ಚು. ಐದಾರು ಜನ ಕೈಕೈ ಹಿಡಿದು ನಿಂತರೆ ಮಾತ್ರ ಅದನ್ನು ಸುತ್ತಬಹುದು. ಆ ಮರ ಕಡಿಯಲು ಹೋದಾಗ ರಕ್ತ ಸುರಿಯಿತು, ಅದಕ್ಕೇ ಬಿಟ್ಟರು ಎಂದು ಕಾಡಿನವರು ಹೇಳುತ್ತಾರೆ. ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಭಯವೋ ಭಕ್ತಿಯೋ, ಒಂದು ಮರ ಉಳಿಯಿತು.

ಗಡಿನಾಡಿನವರಾದ ನಾವು ಗಮನಿಸಬೇಕಾದ ಇನ್ನೊಂದು ಸಂಗತಿ ಉಂಟು. ಪರಂಬಿಕುಳಂ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿದೆ, ಆದರೆ ಬಸ್ಸಿನಲ್ಲಿ ಹೋಗುವವರು ತಮಿಳುನಾಡಿನ ಪೊಳ್ಳಾಚಿ, ಸೇತುಮಡೆ ದಾರಿಯಾಗಿ ಹೋಗಬೇಕು. ಅಲ್ಲಿನ ಅಣೆಕಟ್ಟಿನ ನೀರೂ ತಮಿಳುನಾಡಿಗೇ ಹರಿಯುತ್ತದೆ. ನೆಲ ಒಬ್ಬರದ್ದು, ದಾರಿ ಮತ್ತು ನೀರು ಇನ್ನೊಬ್ಬರದ್ದು. ಗಡಿ ಎಂದರೆ ಹೀಗೆಯೇ!

ತೇಕ್ಕಡಿ: ಅಣೆಕಟ್ಟಿನಿಂದ ಹುಟ್ಟಿದ ಅಭಯಾರಣ್ಯ

ತೇಕ್ಕಡಿಯ ಸರೋವರದಲ್ಲಿ ದೋಣಿಯಲ್ಲಿ ಹೋಗುವಾಗ ನೀರಿನ ನಡುವೆ ಕಪ್ಪಗೆ ನಿಂತ ಒಣ ಬೊಡ್ಡೆಗಳು ಕಾಣುತ್ತವೆ. ನೀರುಕಾಗೆಗಳು ಅವುಗಳ ಮೇಲೆ ರೆಕ್ಕೆ ಬಿಚ್ಚಿ ಕುಳಿತಿರುತ್ತವೆ. ಎಲ್ಲರೂ ಫೋಟೊ ತೆಗೆಯುತ್ತಾರೆ. ಅವು 1895ರಲ್ಲಿ ಮುಳುಗಿದ ಕಾಡಿನ ಮರಗಳು. ಆ ವರ್ಷ ಮುಲ್ಲಪೆರಿಯಾರ್ ಅಣೆಕಟ್ಟು ಮುಗಿಯಿತು. ಪಡುವಣಕ್ಕೆ ಹರಿಯುವ ಪೆರಿಯಾರಿನ ನೀರನ್ನು ತಿರುಗಿಸಿ ಮಧುರೆಯ ಕಡೆಯ ಬರಡು ಸೀಮೆಗೆ ಕೊಡುವ ಯೋಜನೆ ಅದು. ಕಟ್ಟಿಸಿದವನು ಜಾನ್ ಪೆನ್ನಿಕ್ವಿಕ್ ಎಂಬ ಎಂಜಿನಿಯರ್. ತಿರುವಾಂಕೂರಿನ ನೆಲವನ್ನು 1886ರಲ್ಲಿ 999 ವರ್ಷಗಳ ಗೇಣಿಗೆ ಬರೆಸಿಕೊಂಡಿದ್ದರು. ಆ ಗೇಣಿಯ ಜಗಳ ಇವತ್ತಿಗೂ ಮುಗಿದಿಲ್ಲ.

ಸರೋವರದ ಸುತ್ತಲಿನ ಕಾಡು ಮೊದಲು ಉಳಿದದ್ದು ನೀರಿಗಾಗಿ. 1899ರಲ್ಲಿ ಅದನ್ನು ಮೀಸಲು ಅರಣ್ಯ ಮಾಡಿದರು. ಪ್ರಾಣಿಗಳಿಗಾಗಿ ಎಂದು ಮೀಸಲಿಟ್ಟದ್ದು 1934ರಲ್ಲಿ, ತಿರುವಾಂಕೂರಿನ ಕೊನೆಯ ಅರಸ ಶ್ರೀಚಿತ್ತಿರ ತಿರುನಾಳರ ಕಾಲದಲ್ಲಿ. ಎರಡು ವರ್ಷಗಳ ಬಳಿಕ ದೇವಸ್ಥಾನಗಳ ಬಾಗಿಲನ್ನು ಎಲ್ಲ ಜಾತಿಯವರಿಗೆ ತೆರೆದ ಅರಸರೂ ಅವರೇ. ಆಗ ಅದಕ್ಕೆ ನೆಲ್ಲಿಕ್ಕಂಪಟ್ಟಿ ಎಂದು ಹೆಸರು. 1950ರಲ್ಲಿ ಪೆರಿಯಾರ್ ಅಭಯಾರಣ್ಯವಾಯಿತು, 1978ರಲ್ಲಿ ಹುಲಿ ಯೋಜನೆಗೆ ಸೇರಿತು.

ಇತ್ತೀಚಿನ ಕಥೆ ನಮಗೆ ಇನ್ನೂ ಮುಖ್ಯವೆನಿಸುತ್ತದೆ. ಕಾಡಿಗೆ ನುಗ್ಗಿ ದಾಲ್ಚಿನ್ನಿ ಜಾತಿಯ 'ವಯನ' ಮರದ ತೊಗಟೆ ಕದಿಯುತ್ತಿದ್ದವರ ತಂಡವೊಂದಿತ್ತು. 1990ರ ದಶಕದಲ್ಲಿ ಅರಣ್ಯ ಇಲಾಖೆಯವರು ಅವರ ಮೇಲಿನ ಕೇಸು ನೋಡುತ್ತ ಕೂರುವ ಬದಲು ಅವರನ್ನೇ ಕಾವಲಿಗೂ ಪ್ರವಾಸಿಗರಿಗೆ ದಾರಿ ತೋರಿಸಲಿಕ್ಕೂ ಇಟ್ಟುಕೊಂಡರು. ಕಾಡಿನ ಒಳದಾರಿ ಕಳ್ಳನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೆಂಗಸರದ್ದೂ 'ವಸಂತಸೇನೆ' ಎಂಬ ಕಾವಲು ತಂಡ ಅಲ್ಲಿದೆ. ಜೊತೆಗೆ ಒಂದು ಎಚ್ಚರಿಕೆ. 2009ರ ಸೆಪ್ಟೆಂಬರ್ 30ರಂದು ಇದೇ ಸರೋವರದಲ್ಲಿ ಪ್ರವಾಸಿ ದೋಣಿ ಮಗುಚಿ 45 ಜನ ಸತ್ತರು. ಮಕ್ಕಳನ್ನು ಕರೆದುಕೊಂಡು ಹೋಗುವವರು ತೇಲುಕವಚ ತೊಡಿಸದೆ ದೋಣಿ ಹತ್ತಿಸಬೇಡಿ.

ಇರವಿಕುಳಂ: ಬೇಟೆಗಾರರು ಕಾದ ಗುಡ್ಡ

ಮೂನ್ನಾರಿನ ಹತ್ತಿರದ ಇರವಿಕುಳಂನದ್ದು ವಿಚಿತ್ರ ಕಥೆ. 1877ರಲ್ಲಿ ಪೂಞಾರಿನ ಅರಸರಿಂದ ಜೆ. ಡಿ. ಮನ್ರೋ ಎಂಬ ಇಂಗ್ಲಿಷನು ಕಣ್ಣನ್ ದೇವನ್ ಗುಡ್ಡಗಳನ್ನು ಬರೆಸಿಕೊಂಡ. ಬಳಿಕ ಗುಡ್ಡವೆಲ್ಲ ಚಾ ತೋಟವಾಯಿತು. ಚಾ ಬೆಳೆಯಲು ಒಗ್ಗದ ಎತ್ತರದ ಹುಲ್ಲುಗಾವಲನ್ನು ದೊರೆಗಳು ತಮ್ಮ ಬೇಟೆಗೆಂದು ಇಟ್ಟುಕೊಂಡರು. ಬೇಟೆಗೆ ಪ್ರಾಣಿ ಬೇಕಲ್ಲ! ಹಾಗಾಗಿ ಹೊರಗಿನವರು ಬಾರದಂತೆ ಮುದುವ ಜನರನ್ನು ಕಾವಲಿಗೆ ಇಟ್ಟರು. ಹೀಗೆ ಬೇಟೆಯ ಚಪಲದಿಂದಲೇ ವರಯಾಡು ಉಳಿಯಿತು. ವರಯಾಡು ಎಂದರೆ ಬರೆಯಲ್ಲಿ ಬದುಕುವ ಆಡು. ಬರೆ ಜರಿಯಿತು ಎನ್ನುವ ನಮ್ಮ ಊರಿನವರಿಗೆ ಈ ಶಬ್ದ ಬಿಡಿಸಿ ಹೇಳಬೇಕಾಗಿಲ್ಲ.

1971ರ ಕಾನೂನಿನಿಂದ ಸರಕಾರ ಆ ನೆಲವನ್ನು ವಾಪಸು ಪಡೆಯಿತು. 1975ರಲ್ಲಿ ಅಭಯಾರಣ್ಯ, 1978ರಲ್ಲಿ ರಾಷ್ಟ್ರೀಯ ಉದ್ಯಾನ. ವಿಸ್ತಾರ 97 ಚದರ ಕಿ.ಮೀ. ದಕ್ಷಿಣ ಭಾರತದ ಅತಿ ಎತ್ತರದ ಶಿಖರ ಆನಮುಡಿ (2,695 ಮೀಟರು) ಇಲ್ಲೇ ಇದೆ. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ 2006ರಲ್ಲಿ ಅರಳಿತ್ತು, 2018ರಲ್ಲಿ ಅರಳಿತು, ಇನ್ನು 2030ಕ್ಕೆ. ಈಗ ಒಂದನೆಯ ಕ್ಲಾಸಿನಲ್ಲಿರುವ ಮಕ್ಕಳಿಗೆ ಆ ಹೂವಿನ ಲೆಕ್ಕ ಹೇಳಿಕೊಡಿ, ಗಣಿತವೂ ಆಯಿತು. ವರಯಾಡು ಮರಿಹಾಕುವ ಫೆಬ್ರವರಿ, ಮಾರ್ಚ್ ಹೊತ್ತಿಗೆ ಪ್ರವೇಶವಿಲ್ಲ. ವಿಚಾರಿಸಿಕೊಂಡೇ ಹೊರಡಿ.

ಸೈಲೆಂಟ್ ವ್ಯಾಲಿ: ಜನ ಉಳಿಸಿದ ಕಾಡು

ಇಲ್ಲಿಯವರೆಗೆ ಅರಸರದ್ದು, ದೊರೆಗಳದ್ದು, ಎಂಜಿನಿಯರರದ್ದು ಆಯಿತು. ಸಾಮಾನ್ಯ ಜನರ ಮಾತಿಗೆ ಕಾಡು ಉಳಿದದ್ದು ಸೈಲೆಂಟ್ ವ್ಯಾಲಿಯಲ್ಲಿ. ಪಾಲಕ್ಕಾಡು ಜಿಲ್ಲೆಯ ಈ ಕಣಿವೆಗೆ ಊರವರು ಕರೆಯುತ್ತಿದ್ದ ಹೆಸರು ಸೈರಂಧ್ರಿ ವನ. ಹರಿಯುವ ಹೊಳೆ ಕುಂತಿಪ್ಪುಳ. ಮಹಾಭಾರತ ಓದಿದ ನಮಗೆ ಎರಡೂ ಹತ್ತಿರದ ಹೆಸರುಗಳೇ.

1973ರಲ್ಲಿ ಈ ಹೊಳೆಗೆ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯುವ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಮಲಬಾರಿನ ಮನೆಗಳಲ್ಲಿ ಆಗ ಚಿಮಿಣಿ ದೀಪ. ಕರೆಂಟು ಬೇಕೆನ್ನುವುದರಲ್ಲಿ ತಪ್ಪಿರಲಿಲ್ಲ. ಆದರೆ ಮುಳುಗುವುದು ಮನುಷ್ಯನ ಕೈ ಹೆಚ್ಚು ಬೀಳದೆ ಉಳಿದಿದ್ದ ಮಳೆಕಾಡು, ಸಿಂಗಳೀಕಗಳ ಮನೆ. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನವರು ಈ ಪ್ರಶ್ನೆ ಎತ್ತಿಕೊಂಡು ಊರೂರಿಗೆ ಹೋದರು. ಆ ಪರಿಷತ್ತಿನಲ್ಲಿ ಶಾಲಾ ಕಾಲೇಜು ಅಧ್ಯಾಪಕರು ಬಹಳ ಮಂದಿ. ಸಸ್ಯಶಾಸ್ತ್ರದ ಅಧ್ಯಾಪಕ ಎಂ. ಕೆ. ಪ್ರಸಾದ್ ಬರೆದರು, ಕವಯಿತ್ರಿ ಸುಗತಕುಮಾರಿ ಕವನ ಕಟ್ಟಿದರು, ಪಕ್ಷಿಶಾಸ್ತ್ರಜ್ಞ ಸಲೀಂ ಅಲಿ ದೆಹಲಿಗೆ ಮನವಿ ಮಾಡಿದರು. ಮಂಗ ಮುಖ್ಯವೋ ಮನುಷ್ಯ ಮುಖ್ಯವೋ ಎಂದು ಗೇಲಿ ಮಾಡಿದವರೂ ಕಡಿಮೆ ಇರಲಿಲ್ಲ. ಇಂದಿರಾ ಗಾಂಧಿಯವರು ನೇಮಿಸಿದ ಎಂ. ಜಿ. ಕೆ. ಮೆನನ್ ಸಮಿತಿಯ ಪರಿಶೀಲನೆಯ ಬಳಿಕ 1983ರಲ್ಲಿ ಯೋಜನೆ ಕೈಬಿಟ್ಟರು. 1984ರ ನವೆಂಬರ್ 15ರಂದು ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಯಿತು. ಮರುವರ್ಷ ಸೆಪ್ಟೆಂಬರಿನಲ್ಲಿ ರಾಜೀವ ಗಾಂಧಿಯವರು ಬಂದು ಉದ್ಘಾಟಿಸಿದರು.

1983 ಎಂದಾಗ ನೆನಪಾಗುವುದು ಶಿರಸಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಅಪ್ಪಿಕೋ ಚಳವಳಿ ಶುರುಮಾಡಿದರು. ಘಟ್ಟ ಒಂದೇ, ಬುದ್ಧಿಯೂ ಒಂದೇ ಕಾಲಕ್ಕೆ ಬಂತು. ಅಟ್ಟಪ್ಪಾಡಿಯ ಮುಕ್ಕಾಲಿಯಿಂದ ಇಲಾಖೆಯ ಜೀಪಿನಲ್ಲಿ 23 ಕಿ.ಮೀ. ಹೋದರೆ ಸೈರಂಧ್ರಿ ಸಿಗುತ್ತದೆ. ಅಣೆಕಟ್ಟು ಏಳಬೇಕಾಗಿದ್ದ ಜಾಗವೂ ಅದೇ. ಅಲ್ಲಿನ ಗೋಪುರ ಹತ್ತಿ ನೋಡಿದರೆ ಸುತ್ತ ಕಾಣುವುದು ಮರವೇ ಹೊರತು ನೀರಲ್ಲ.

ವಯನಾಡು: ಕಾಡು ಯಾರದ್ದು?

ವಯನಾಡಿನ ಹೆಸರು ಕನ್ನಡ ಓದುಗರಿಗೆ ಹೊಸತಲ್ಲ. ಭಾರತೀಸುತರ 'ಎಡಕಲ್ಲು ಗುಡ್ಡದ ಮೇಲೆ' ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು 1973ರಲ್ಲಿ ಸಿನೆಮಾ ಮಾಡಿದರು. ಆ ಎಡಕಲ್ಲು ಇರುವುದು ವಯನಾಡಿನ ಅಂಬುಕುತ್ತಿ ಗುಡ್ಡದಲ್ಲಿ. ಎರಡು ಬಂಡೆಗಳ ಎಡೆಯಲ್ಲಿ ಸಿಕ್ಕಿಕೊಂಡ ಕಲ್ಲು, ಅದಕ್ಕೇ ಆ ಹೆಸರು. ಒಳಗಿನ ಗೋಡೆಗಳಲ್ಲಿ ಸಾವಿರಾರು ವರ್ಷ ಹಿಂದಿನ ಕೊರೆದ ಚಿತ್ರಗಳಿವೆ. 1890ರ ದಶಕದಲ್ಲಿ ಅವನ್ನು ನೋಡಿ ಹೊರಜಗತ್ತಿಗೆ ತಿಳಿಸಿದವನು ಮಲಬಾರಿನ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್.

ವಯನಾಡು ಅಭಯಾರಣ್ಯವಾದದ್ದೂ 1973ರಲ್ಲೇ. 344 ಚದರ ಕಿ.ಮೀ. ವಿಸ್ತಾರದ ಇದಕ್ಕೆ ಒಂದು ಕಡೆ ಬಂಡೀಪುರ, ನಾಗರಹೊಳೆ, ಇನ್ನೊಂದು ಕಡೆ ಮುದುಮಲೆ ತಾಗಿಕೊಂಡಿವೆ. ಬೇಸಗೆಯಲ್ಲಿ ಕರ್ನಾಟಕದ ಆನೆಗಳು ನೀರು ಹುಡುಕಿ ಇಲ್ಲಿಗೆ ಬರುತ್ತವೆ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ವಾಹನಗಳಿಗೆ ತಡೆ ಇರುವುದು ಈ ಓಡಾಟಕ್ಕಾಗಿಯೇ. ಅದು ಎರಡು ರಾಜ್ಯಗಳ ಜಗಳವೂ ಆಗಿದೆ. ಕಷ್ಟವೂ ಗಡಿ ದಾಟಿ ಬರುತ್ತದೆ. ಬೇಲೂರಿನ ಕಡೆ ಹಿಡಿದು ಬಂಡೀಪುರದಲ್ಲಿ ಬಿಟ್ಟ ಆನೆಯೊಂದು 2024ರ ಫೆಬ್ರವರಿಯಲ್ಲಿ ಮಾನಂತವಾಡಿಯ ಹತ್ತಿರ ಒಬ್ಬರನ್ನು ಕೊಂದಿತು. ಅದೇ ವರ್ಷ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡವೇ ಜರಿದು ನೂರಾರು ಜನ ಹೋದರು. ವಯನಾಡನ್ನು ಬರೀ ಚಂದದ ಜಾಗವೆಂದು ನೋಡಿ ಬರುವ ಕಾಲ ಇದಲ್ಲ.

ಕಾಡಿನಲ್ಲೇ ಹುಟ್ಟಿದವರ ಪ್ರಶ್ನೆಯನ್ನೂ ಮರೆಯಬಾರದು. ಇಲ್ಲಿನ ಕಾಟ್ಟುನಾಯ್ಕರ ಮಾತು ಕನ್ನಡಕ್ಕೆ ಹತ್ತಿರದ್ದು. ಜೇನು ತೆಗೆಯುವ ಇವರು ನಮ್ಮ ಜೇನುಕುರುಬರ ನಂಟರು. ಭೂಮಿ ಕೊಡುತ್ತೇವೆಂದು ಸರಕಾರ ಕೊಟ್ಟ ಮಾತು ನಡೆಯದೆ ಹೋದಾಗ 2003ರ ಆರಂಭದಲ್ಲಿ ಸಿ. ಕೆ. ಜಾನು ಮುಂತಾದವರ ಮುಂದಾಳುತನದಲ್ಲಿ ಆದಿವಾಸಿಗಳು ಮುತ್ತಂಗ ಕಾಡಿನೊಳಗೆ ಗುಡಿಸಲು ಹಾಕಿದರು. ಫೆಬ್ರವರಿ 19ರಂದು ಪೊಲೀಸರು ಅವರನ್ನು ಎಬ್ಬಿಸಲು ಹೋದಾಗ ಗುಂಡು ಹಾರಿತು. ಒಬ್ಬ ಆದಿವಾಸಿ, ಒಬ್ಬ ಪೊಲೀಸ್ ಸತ್ತರು. ಈಗ ಮುತ್ತಂಗದಲ್ಲಿ ಟಿಕೆಟ್ ಪಡೆದು ಜೀಪು ಹತ್ತುವವರಿಗೆ ಇದನ್ನು ಹೇಳುವ ಫಲಕ ಕಾಣಸಿಗದು. 2006ರಲ್ಲಿ ಅರಣ್ಯ ಹಕ್ಕು ಕಾನೂನು ಬಂತು. ಅದರಂತೆ 2014ರಲ್ಲಿ ವಾಳಚ್ಚಾಲಿನ ಕಾಡರ ಒಂಬತ್ತು ಹಾಡಿಗಳಿಗೆ ಕಾಡಿನ ಮೇಲೆ ಸಮುದಾಯದ ಹಕ್ಕು ಸಿಕ್ಕಿತು. ಆದಿರಪ್ಪಳ್ಳಿ ಜಲಪಾತದ ಮೇಲ್ಗಡೆಯ ಕಾಡು ಅದು. ಅಣೆಕಟ್ಟು ಬೇಡವೆಂದು ವರ್ಷಗಟ್ಟಲೆ ಹೇಳಿದವರಲ್ಲಿ ಆ ಕಾಡರೂ ಇದ್ದಾರೆ.

ಇನ್ನು ನಮ್ಮ ಕಾಸರಗೋಡು

ಇಷ್ಟೆಲ್ಲ ಓದಿದ ಮೇಲೆ ನಮ್ಮ ಜಿಲ್ಲೆಯಲ್ಲೇನುಂಟು ಎಂದು ಕೇಳಬಹುದು. ಕಾಸರಗೋಡಿನಲ್ಲಿ ಅಭಯಾರಣ್ಯ ಒಂದೂ ಇಲ್ಲ. ಕೇರಳದೊಳಗೆ ಹತ್ತಿರದ್ದೆಂದರೆ ಕಣ್ಣೂರು ಜಿಲ್ಲೆಯ ಆರಳಂ. ತಲಕಾವೇರಿಯ ಕಾಡಿಗೆ ತಾಗಿದ ರಾಣಿಪುರಂ ಗುಡ್ಡದಲ್ಲಿ ಹುಲ್ಲುಗಾವಲೂ ಚೋಲಕಾಡೂ ಇವೆ. ಹಿಂದೆ ಅದರ ಹೆಸರು ಮಾಡತ್ತುಮಲ. ತೆಂಕಣದಿಂದ ಕ್ರೈಸ್ತ ಕೃಷಿಕರು ವಲಸೆ ಬಂದ ಬಳಿಕ, 1970ರ ಹೊತ್ತಿಗೆ ರಾಣಿಪುರಂ ಆಯಿತು.

ಉಳಿದ ಗುಡ್ಡಗಳ ಕಥೆ ಗೊತ್ತೇ ಇದೆ. ಸಾವಿರಾರು ಹೆಕ್ಟೇರು ಗುಡ್ಡೆ ಸರಕಾರಿ ಗೇರು ತೋಟವಾಯಿತು. 1970ರ ದಶಕದ ಕೊನೆಯಿಂದ 2000ದವರೆಗೆ ವರ್ಷಕ್ಕೆ ಎರಡು ಮೂರು ಸಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಗುಡ್ಡದ ಕೆಳಗೇ ಮನೆ, ತೋಡು, ಸುರಂಗದ ನೀರು. ಎಣ್ಮಕಜೆಯ ಪಡ್ರೆ, ಸ್ವರ್ಗ ಮುಂತಾದ ಕನ್ನಡ, ತುಳು ಮಾತಾಡುವ ಊರುಗಳಲ್ಲಿ ಮಕ್ಕಳು ಹೇಗೆ ಹುಟ್ಟಿದರು ಎಂಬುದನ್ನು ಜಗತ್ತೇ ನೋಡಿತು. ಡಾ. ಮೋಹನ್ ಕುಮಾರ್, ಪತ್ರಕರ್ತ ಶ್ರೀಪಡ್ರೆ, ಕೋರ್ಟಿನ ಮೆಟ್ಟಿಲು ಹತ್ತಿದ ಲೀಲಾಕುಮಾರಿ ಅಮ್ಮ ಇವರೆಲ್ಲ ಮಾತಾಡದೆ ಇದ್ದಿದ್ದರೆ ಅದು ಇನ್ನೂ ಎಷ್ಟು ವರ್ಷ ನಡೆಯುತ್ತಿತ್ತೋ. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೇ ನಿಲ್ಲಿಸಿತು. ಪಾಲಕ್ಕಾಡಿನ ಕಣಿವೆಗೆ ಮುಳುಗುವ ಮೊದಲೇ ಜನ ಸಿಕ್ಕಿದರು. ನಮ್ಮ ಗುಡ್ಡಕ್ಕೆ ಕೆಟ್ಟ ಬಳಿಕ ಸಿಕ್ಕಿದರು. ಎರಡು ಕಥೆಗಳಿಗೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಅದರ ಬೆಲೆ ತೆತ್ತವರು ನಮ್ಮ ಮಕ್ಕಳು.

ಹಾಗೆಂದು ಏನೂ ಉಳಿದಿಲ್ಲವೆಂದಲ್ಲ. ನಾವು ನಾಗಬನ ಎನ್ನುವುದನ್ನು ಮಲಯಾಳಿಗಳು ಕಾವು ಎನ್ನುತ್ತಾರೆ. ಯಾವ ಕಾನೂನೂ ಇಲ್ಲದ ಕಾಲದಿಂದ ಕತ್ತಿ ತಾಗಿಸಬಾರದು ಎಂಬ ಒಂದೇ ಮಾತಿನಿಂದ ಉಳಿದ ತುಂಡು ಕಾಡುಗಳು ಅವು. 2023ರಲ್ಲಿ ಕಾಸರಗೋಡು ತನ್ನದೇ ಮರ, ಹೂ, ಹಕ್ಕಿ, ಪ್ರಾಣಿಗಳನ್ನು ಜಿಲ್ಲೆಯ ಗುರುತಾಗಿ ಘೋಷಿಸಿತು. ಪ್ರಾಣಿ, ಚಂದ್ರಗಿರಿ ಹೊಳೆಯಲ್ಲಿರುವ ದೊಡ್ಡ ಆಮೆ, ಮಲಯಾಳದಲ್ಲಿ ಭೀಮನಾಮ. ಮರ, ಕಾಂಞಿರಂ, ಅಂದರೆ ನಮ್ಮ ಕಾಸರಕ. ಕಾಸರಗೋಡೆಂಬ ಹೆಸರು ಈ ಕಾಸರಕನ ಮರದಿಂದಲೇ ಬಂತೆಂದು ಹೇಳುವವರೂ ಇದ್ದಾರೆ.

ಅಧ್ಯಾಪಕ ಮಿತ್ರರಲ್ಲಿ ಒಂದು ವಿನಂತಿ. ಈ ಸಲ ಮಕ್ಕಳನ್ನು ತೇಕ್ಕಡಿಗೋ ವಯನಾಡಿಗೋ ಕರೆದುಕೊಂಡು ಹೋಗುವುದಾದರೆ ಎರಡು ಪ್ರಶ್ನೆ ಬರೆದುಕೊಂಡು ಬರಲು ಹೇಳಿ. ಈ ಕಾಡನ್ನು ಉಳಿಸಿದ್ದು ಯಾರು? ಉಳಿಸುವಾಗ ಯಾರನ್ನು ಹೊರಗೆ ಹಾಕಿದರು? ಬಸ್ಸಿಗೆ ದುಡ್ಡು ಕೂಡಿಸಲಿಕ್ಕಾಗದ ಶಾಲೆಯವರು ಬೇಸರಿಸಬೇಕಾಗಿಲ್ಲ. ನಿಮ್ಮ ಶಾಲೆಯ ಹತ್ತಿರದ ಬನಕ್ಕೆ ನಡೆದೇ ಹೋಗಿ, ಅಲ್ಲಿರುವ ಮರಗಳ ಹೆಸರನ್ನು ಊರಿನ ಹಿರಿಯರಲ್ಲಿ ಕೇಳಿ ಕನ್ನಡ, ತುಳು, ಮಲಯಾಳ ಮೂರರಲ್ಲೂ ಬರೆಸಿ. ಆ ಹೆಸರುಗಳು ಗೊತ್ತಿರುವ ಹಿರಿಯರು ಇನ್ನೂ ಇದ್ದಾರೆ.